ಊಟ ಆದ ಮೇಲೆ ಹೇಳುವ ಸುದ್ದಿ

ನನ್ನ ಬಾಯಿ ಒಳ್ಳೆಯದಲ್ಲ ಎಂದು ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಗೊತ್ತು. ಎಂಟು ವರ್ಷದಿಂದ ಕತಾರಿನ ಹಮದ್ ಬಂದರಿನ ಹತ್ತಿರದ ಒಂದು ಕ್ಲಿಯರಿಂಗ್ ಆಫೀಸಿನಲ್ಲಿ ಕಂಟೇನರುಗಳ ಕಾಗದಪತ್ರ ನೋಡಿಕೊಳ್ಳುತ್ತಿದ್ದೇನೆ. ಹಡಗು ಯಾವಾಗ ಬರುತ್ತದೆ, ಮಾಲು ಯಾವಾಗ ಕೈಗೆ ಸಿಗುತ್ತದೆ ಎಂದು ದಿನವಿಡೀ ಜನ ಕೇಳುತ್ತಾರೆ. ಕೇಳಿದ್ದಕ್ಕೆ ಒಂದು ಸಾಲಿನ ಉತ್ತರ ಕೊಟ್ಟು ಫೋನ್ ಇಡುವುದು ನನ್ನ ಅಭ್ಯಾಸ. ಇಂಥವಳ ಪಕ್ಕದ ಮೇಜಿಗೆ ದೇವರು ಒಬ್ಬ ಫಿಲಿಪಿನೋ ಹೆಂಗಸನ್ನು ತಂದು ಕೂರಿಸಿದ.

ಬೆಳಿಗ್ಗೆ ಬ್ಯಾಗ್ ಕೆಳಗಿಡುವ ಮೊದಲೇ ಅವಳದು ಶುರು. "ಕುಮುಸ್ತಾ?" ಎನ್ನುತ್ತಾಳೆ, ಹೇಗಿದ್ದೀ ಅಂತ. ನಾನು ಫೈನ್ ಎಂದು ಮುಗಿಸಿದರೆ ಅವಳಿಗೆ ಮುಗಿಯುವುದಿಲ್ಲ. ನಿದ್ದೆ ಬಂತಾ, ಗಂಡನ ಸೊಂಟನೋವು ಹೇಗಿದೆ, ತಿಂಡಿ ತಿಂದೆಯಾ ಎಂದು ಆಫೀಸಿನ ಇಂಗ್ಲಿಷಿನಲ್ಲಿ ಒಂದೊಂದೇ ಕೇಳುತ್ತಾಳೆ. ಊರಿಗೆ ಫೋನ್ ಮಾಡಿದರಂತೂ ಅತ್ತೆಯ ಮಂಡಿ, ತಂಗಿಯ ಮಗುವಿನ ಹಲ್ಲು, ನೆರೆಮನೆಯ ಹಂದಿ ಎಷ್ಟು ಮರಿ ಹಾಕಿತು, ಇಷ್ಟೆಲ್ಲ ಆದ ಮೇಲೆ "ಅನೋಂಗ್ ಬಲಿತಾ?" ಬಲಿತಾ ಎಂದರೆ ಸುದ್ದಿ. ಏನು ಸುದ್ದಿ ಅಂತ ಈಗ ಕೇಳುತ್ತಿದ್ದೀಯಲ್ಲ, ಇಷ್ಟು ಹೊತ್ತು ಮಾತಾಡಿದ್ದು ಮತ್ತೆಂತ ಮಾರಾಯ್ತಿ ಎಂದು ಒಮ್ಮೆ ಕೇಳಿದ್ದೆ. ಅದು ಬಲಿತಾ ಅಲ್ಲ ಆತೆ, ಅದು ಬಾಗಿಲು ತಟ್ಟುವುದು ಎಂದು ನಕ್ಕಳು. ಆತೆ ಎಂದರೆ ಅವರಲ್ಲಿ ಅಕ್ಕ. ನನಗಿಂತ ನಾಲ್ಕು ವರ್ಷ ಚಿಕ್ಕವಳಾದ್ದರಿಂದ ಮೊದಲ ದಿನದಿಂದಲೂ ಹಾಗೆಯೇ ಕರೆಯುತ್ತಾಳೆ.

ಲಿಫ್ಟಿನಲ್ಲಿ, ಕ್ಲಿನಿಕ್ಕಿನಲ್ಲಿ, ಸೂಪರ್ ಮಾರ್ಕೆಟ್ಟಿನ ಕ್ಯೂನಲ್ಲಿ ಎಲ್ಲಿ ತನ್ನ ದೇಶದವರ ಮುಖ ಕಂಡರೂ ಯಾವ ಊರು ಎಂದು ಕೇಳಿಯೇ ಬಿಡುತ್ತಾಳೆ. ಐದು ನಿಮಿಷದಲ್ಲಿ ಇಬ್ಬರಿಗೂ ಗೊತ್ತಿರುವ ಒಬ್ಬರು ಯಾರಾದರೂ ಸಿಕ್ಕಿಯೇ ಸಿಗುತ್ತಾರೆ. ಇವರಿಗೆ ಬೇರೆ ಕೆಲಸ ಇಲ್ಲ, ಊರ ಉಸಾಬರಿಯೆಲ್ಲ ಇವರಿಗೇ ಬೇಕು ಎಂದು ಮನೆಗೆ ಬಂದು ಗಂಡನ ಹತ್ತಿರ ಹೇಳುತ್ತಿದ್ದೆ.

ಎರಡು ವರ್ಷದ ಹಿಂದೆ ಅವಳ ಅಪ್ಪ ತೀರಿಹೋದರು. ಆ ದಿನ ಮಧ್ಯಾಹ್ನ ದೋಹಾದಲ್ಲೇ ಕೆಲಸಕ್ಕಿರುವ ಅವಳ ಚಿಕ್ಕಮ್ಮನ ಮಗಳು ಟ್ಯಾಕ್ಸಿ ಮಾಡಿಕೊಂಡು ನಮ್ಮ ಆಫೀಸಿಗೆ ಬಂದಳು. ಕೈಯಲ್ಲಿ ಅನ್ನ, ಕೋಳಿ ಪದಾರ್ಥದ ಡಬ್ಬಿ ಇತ್ತು. ಕುಮುಸ್ತಾ ಆಯಿತು. ಆಮೇಲೆ "ಕುಮಾಇನ್ ಕಾ ನಾ?" ಎಂದಳು, ಊಟ ಆಯ್ತಾ ಅಂತ. ಇವಳು ಇಲ್ಲ ಎಂದಳು. ಇಬ್ಬರೂ ಪ್ಯಾಂಟ್ರಿಯಲ್ಲಿ ಕೂತು ಊಟ ಮಾಡಿದರು. ಡಬ್ಬಿ ಖಾಲಿಯಾಗಿ ನೀರು ಕುಡಿದಾದ ಮೇಲೆ ಬಂದವಳು ಇವಳ ಕೈ ಹಿಡಿದುಕೊಂಡು, ದೊಡ್ಡಪ್ಪ ಬೆಳಿಗ್ಗೆಯೇ ಹೋದರು ಎಂದು ಹೇಳಿದಳು. ಇವಳು ಕೂಗಿದ್ದು ನನ್ನ ಮೇಜಿನವರೆಗೂ ಕೇಳಿತು.

ನನಗೆ ಮೈಯೆಲ್ಲ ಉರಿದುಹೋಯಿತು. ಸತ್ತದ್ದು ಗೊತ್ತಿದ್ದೂ ಅರ್ಧ ಗಂಟೆ ಎದುರಿಗೆ ಕೂತು ಕೋಳಿ ತಿನ್ನಿಸಿದಳಲ್ಲ, ಆ ಬಂದವಳು ಎಂಥ ಹೆಂಗಸು ಎನಿಸಿತು. ಇವಳು ಊರಿಗೆ ಹೋಗಿ ಬಂದ ಮೇಲೆ ಅದನ್ನೇ ಕೇಳಿಬಿಟ್ಟೆ. ಇವಳು ಸಿಟ್ಟು ಮಾಡಲಿಲ್ಲ. ಅಂಥ ಸುದ್ದಿ ಕೇಳಿದ ಮೇಲೆ ಎರಡು ದಿನ ಗಂಟಲಲ್ಲಿ ಅನ್ನ ಇಳಿಯುವುದಿಲ್ಲವಲ್ಲ, ಖಾಲಿ ಹೊಟ್ಟೆಯಲ್ಲಿ ಅದನ್ನು ತಡೆದುಕೊಳ್ಳುವುದು ಹೇಗೆ ಎಂದಳು. ಅವರ ಮನೆಯಲ್ಲಿ ಒಳ್ಳೆಯ ಸುದ್ದಿಯಾದರೆ ಬಾಗಿಲಿನಿಂದಲೇ ಬೊಬ್ಬೆ ಹೊಡೆದು ಹೇಳುತ್ತಾರಂತೆ, ಕೆಟ್ಟದ್ದಾದರೆ ಊಟ ಹಾಕಿ ಹೇಳುತ್ತಾರಂತೆ. "ನಾನು ದಿನಾ ಊಟ ಆಯ್ತಾ ಕೇಳ್ತೇನೆ, ಅದಕ್ಕೆ ಹೆದರಬೇಡ ಆತೆ. ಕೇಳಿ ಕುರ್ಚಿ ಎಳ್ಕೊಂಡು ಕೂತ್ರೆ ಮಾತ್ರ ಹೆದರು."

ಇದನ್ನು ನಾನು ಸುಮ್ಮನಿರಲಾರದೆ ನಾದಿನಿಗೆ ಹೇಳಿದೆ. ನಾದಿನಿ ಎಂದರೆ ನನ್ನ ತಮ್ಮನ ಹೆಂಡತಿ. ನಾಲ್ಕು ವರ್ಷದ ಮಗಳನ್ನು ಕಟ್ಟಿಕೊಂಡು ಸುರತ್ಕಲ್ಲಿನ ಒಂದು ಬಾಡಿಗೆ ಫ್ಲಾಟಿನಲ್ಲಿದ್ದಾಳೆ. ದಿನಾ ಸಂಜೆ ನನಗೂ ಅವಳಿಗೂ ವಿಡಿಯೋ ಕಾಲ್. ನಾನು ಕುರ್ಚಿ ಎಳೆಯುವುದನ್ನೆಲ್ಲ ಮಾಡಿ ತೋರಿಸಿದೆ, ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮರುದಿನ ಫೋನಿನಲ್ಲಿ ಅಭ್ಯಾಸಬಲದಿಂದ ಊಟ ಆಯ್ತಾ ಎಂದಾಗ, "ಅಯ್ಯೋ ಅತ್ತಿಗೆ, ಇನ್ನು ನೀವು ಹಾಗೆ ಕೇಳ್ಬೇಡಿ, ನನಗೆ ಎದೆ ಡಬಡಬ ಅಂತದೆ" ಎಂದಳು. ತಮಾಷೆಗೆ ಹೇಳಿದ್ದೇ ಆದರೂ ಅಂದಿನಿಂದ ಆ ಮಾತು ನಮ್ಮಿಬ್ಬರ ನಡುವೆ ನಿಂತುಹೋಯಿತು. ನಾನು "ಇವತ್ತು ಎಂತ ಪದಾರ್ಥ?" ಎಂದು ಕೇಳುತ್ತಿದ್ದೆ. ಅವಳು ಬಂಗುಡೆ ಎಂದೋ ಬಸಳೆ ಎಂದೋ ಹೇಳುತ್ತಿದ್ದಳು.

ತಮ್ಮ ನನಗಿಂತ ಒಂಬತ್ತು ವರ್ಷ ಚಿಕ್ಕವನು. ಅಮ್ಮ ಹೋದಾಗ ಅವನಿಗೆ ಏಳು. ಅವನ ಶಾಲೆಯ ಚಡ್ಡಿ ಒಗೆದದ್ದು, ಜ್ವರಕ್ಕೆ ಗಂಜಿ ಮಾಡಿಕೊಟ್ಟದ್ದು, ಮದುವೆಗೆ ಹೆಣ್ಣು ನೋಡಿದ್ದು ಎಲ್ಲ ನಾನೇ. ಒಂದು ಸಾಮಾನು ಹಡಗಿನ ಎಂಜಿನ್ ರೂಮಿನಲ್ಲಿ ಅವನು ಫಿಟ್ಟರ್. ಪೈಪು ಒಡೆದರೆ ಬೆಸುಗೆ ಹಾಕುವುದು, ಪಂಪು ಕೆಟ್ಟರೆ ಬಿಚ್ಚಿ ಸರಿಮಾಡುವುದು. ಹಡಗಿನಲ್ಲಿದ್ದ ಇಪ್ಪತ್ತೊಂದು ಜನರಲ್ಲಿ ಹೆಚ್ಚಿನವರು ಫಿಲಿಪಿನೋಗಳು. ಭಾರತದವರು ಇಬ್ಬರೇ, ಇವನು ಮತ್ತು ಉತ್ತರದ ಕಡೆಯ ಒಬ್ಬ ಆಫೀಸರ್. ಹೋದ ವರ್ಷ ಅವನ ಹಡಗು ನಮ್ಮ ಬಂದರಿಗೇ ಬಂದಿತ್ತು. ಪಾಸ್ ಮಾಡಿಸಿಕೊಂಡು ಮುಕ್ಕಾಲು ಗಂಟೆ ನಮ್ಮ ಆಫೀಸಿಗೆ ಬಂದು ಹೋದ. ಬಂದವನೇ ನನ್ನನ್ನು ಬಿಟ್ಟು ಪಕ್ಕದ ಮೇಜಿಗೆ "ಕುಮುಸ್ತಾ, ಆತೆ?" ಎಂದ. ಆಮೇಲೆ ಅವಳದೇ ಭಾಷೆಯಲ್ಲಿ ಅವಳ ಮಕ್ಕಳನ್ನೆಲ್ಲ ವಿಚಾರಿಸಿದ. ಅವನು ಹೋದ ಮೇಲೆ ಅವಳು, ನಿನ್ನ ತಮ್ಮನಿಗೆ ಕೇಳಲು ಬರ್ತದೆ, ನಿನಗೆ ಬರುವುದಿಲ್ಲ ಎಂದಳು.

ಬೆಳಿಗ್ಗೆ ಕಂಪ್ಯೂಟರ್ ತೆರೆದ ಕೂಡಲೇ ನಮ್ಮ ಗಿರಾಕಿಗಳ ಹಡಗುಗಳು ಎಲ್ಲಿವೆ ಎಂದು ನೋಡುವುದು ನನ್ನ ಕೆಲಸ. ಅದರ ಜೊತೆಗೆ ತಮ್ಮನ ಹಡಗನ್ನೂ ಒಮ್ಮೆ ನೋಡಿಬಿಡುತ್ತಿದ್ದೆ. ಪರದೆಯ ಮೇಲೆ ಒಂದು ಚುಕ್ಕಿ, ಅಷ್ಟೇ. ಚುಕ್ಕಿ ಮುಂದೆ ಹೋಗಿದ್ದರೆ ತಮ್ಮ ಕ್ಷೇಮ. ಒಂದು ದಿನ ಬೆಳಿಗ್ಗೆ ನೋಡಿದರೆ ಚುಕ್ಕಿ ಹಿಂದಿನ ಮಧ್ಯಾಹ್ನ ಇದ್ದಲ್ಲೇ ಇತ್ತು. ಸಿಗ್ನಲ್ ಬಿಟ್ಟುಹೋಗುವುದು ಹೊಸದಲ್ಲ. ಹತ್ತು ಗಂಟೆಗೆ ನೋಡಿದೆ, ಹನ್ನೆರಡಕ್ಕೆ ನೋಡಿದೆ. ಎರಡು ಗಂಟೆಗೆ ಆ ಕಡೆಯ ಹವಾಮಾನದ ವರದಿ ತೆಗೆದು ನೋಡಿದೆ, ದೊಡ್ಡ ತುಫಾನು ಎಂದಿತ್ತು.

ಸಂಜೆ ನಾದಿನಿ ಫೋನ್ ಮಾಡಿದಳು. ಕಂಪನಿಯವರು ಅವಳಿಗೆ ಕರೆ ಮಾಡಿದ್ದರು. ಹಡಗಿನ ಸಂಪರ್ಕ ತಪ್ಪಿದೆ, ಹುಡುಕುತ್ತಿದ್ದಾರೆ, ಗಾಬರಿಯಾಗಬೇಡಿ, ವಿವರ ಬಂದ ಕೂಡಲೇ ತಿಳಿಸುತ್ತೇವೆ ಎಂದರಂತೆ. ಅದೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಆ ಕೊನೆಯ ವಾಕ್ಯ ನನಗೆ ಬಾಯಿಪಾಠ, ದಿನಕ್ಕೆ ಹತ್ತು ಸಲ ನಾನೇ ಬರೆದು ಕಳಿಸುತ್ತೇನೆ. ಏನೂ ಗೊತ್ತಿಲ್ಲದಿರುವಾಗ ಬರೆಯುವ ವಾಕ್ಯ ಅದು. "ನೀವು ಹಡಗಿನ ಆಫೀಸಲ್ಲೇ ಇರುದಲ್ವಾ ಅತ್ತಿಗೆ, ನಿಮಗೆ ಗೊತ್ತಾಗ್ತದಲ್ವಾ?" ಎಂದು ಅವಳು ಕೇಳಿದಳು. ಗೊತ್ತು ಮಾಡ್ತೇನೆ ಎಂದೆ. ಆ ಮಾತು ಕೊಡಬಾರದಿತ್ತು.

ಎರಡು ದಿನ ಗೊತ್ತಿದ್ದ ಏಜೆಂಟರನ್ನೆಲ್ಲ ಕಾಡಿದೆ, ಒಬ್ಬರನ್ನೂ ಬಿಡಲಿಲ್ಲ. ಒಬ್ಬ ಮಲಯಾಳಿ, ಪ್ರಾರ್ಥನೆ ಮಾಡಿ ಎಂದು ಫೋನ್ ಇಟ್ಟ. ನನ್ನ ಗಂಡ ಮುಶೈರಿಬ್ಬಿನ ಆಫೀಸಿನಿಂದ ಬಂದು ನನ್ನ ಅವಸ್ಥೆ ನೋಡಿ, ಕೇಳಿದರೆ ಸುದ್ದಿ ಬೇಗ ಬರ್ತದಾ, ಸ್ವಲ್ಪ ಸುಮ್ಮನೆ ಕೂತುಕೋ ಎಂದರು. ಅವರ ಮೇಲೆ ರೇಗಿದೆ. ಊರಿನ ದೈವಕ್ಕೆ ಹರಕೆ ಹೇಳಿಕೊಂಡೆ. ನಮ್ಮ ಐನ್ ಖಾಲಿದ್ ಮನೆಯ ಕೆಳಗಿನ ಮಹಡಿಯವರು ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚಿಸುತ್ತೇವೆ ಎಂದರೆ ಎರಡು ಹಚ್ಚಿಸಿ ಎಂದೆ. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಎನ್ನುತ್ತಾರಲ್ಲ, ಆ ಮಾತನ್ನು ಮನಸ್ಸಿನಲ್ಲಿ ನೆನೆಯಲೂ ಹೆದರಿಕೆಯಾಗುತ್ತಿತ್ತು.

ಮೂರನೆಯ ದಿನ ಪಕ್ಕದ ಮೇಜಿನವಳು ಹಡಗಿನ ಹೆಸರು ಬರೆದುಕೊಂಡು ಹೋದಳು. ತನ್ನ ಚಿಕ್ಕಮ್ಮನ ಮಗಳನ್ನು ಕೇಳಿದಳು. ಆಕೆ ತನ್ನ ರೂಮಿನವಳನ್ನು, ರೂಮಿನವಳು ಊರಿನ ತನ್ನ ಅಕ್ಕನನ್ನು. ಆ ಅಕ್ಕನ ಬೀದಿಯಲ್ಲೇ ಅದೇ ಹಡಗಿನ ಎಂಜಿನ್ ರೂಮಿನಲ್ಲಿ ಎಣ್ಣೆ ಹಾಕುವ ಕೆಲಸದವನ ಹೆಂಡತಿಯ ಮನೆ. ಮಧ್ಯಾಹ್ನದೊಳಗೆ ಅವಳ ನಂಬರ್ ನಮ್ಮ ಕೈಯಲ್ಲಿತ್ತು. ಸಂಜೆಯೊಳಗೆ ಹಡಗಿನವರ ಹೆಂಡತಿಯರೆಲ್ಲ ಇರುವ ವಾಟ್ಸಾಪ್ ಗುಂಪಿಗೆ ನನ್ನನ್ನು ಸೇರಿಸಿದರು. ನನ್ನ ಎಂಟು ವರ್ಷದ ಸರ್ವಿಸು ಎರಡು ದಿನದಲ್ಲಿ ಮಾಡಲಾರದ್ದನ್ನು ಊರ ಉಸಾಬರಿ ಅರ್ಧ ದಿನದಲ್ಲಿ ಮಾಡಿತು.

ಸೇರಿದ ಮರುಗಳಿಗೆಯೇ ನಾನು ಗುಂಪಿಗೆ ಬರೆದೆ. ಹೇಗೆ ಬರೆದೆ ಎಂದರೆ ಗಿರಾಕಿಗೆ ಬರೆಯುವ ಹಾಗೆ. ನಾನು ಫಿಟ್ಟರಿನ ಅಕ್ಕ, ಈ ಕೆಳಗಿನ ವಿಷಯಗಳನ್ನು ತುರ್ತಾಗಿ ಖಚಿತಪಡಿಸಿ ಎಂದು ಒಂದು, ಎರಡು, ಮೂರು ನಂಬರ್ ಹಾಕಿ. ಹಡಗು ಮುಳುಗಿದೆಯೇ? ಬದುಕಿರುವವರು ಎಷ್ಟು? ಸತ್ತವರ ಪಟ್ಟಿ ಇದೆಯೇ? ಅಲ್ಲಿಯವರೆಗೆ ಟಣ್ ಟಣ್ ಎನ್ನುತ್ತಿದ್ದ ಫೋನು ನಿಂತುಹೋಯಿತು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಎಲ್ಲರೂ ಓದಿದ್ದಾರೆ, ಒಬ್ಬರೂ ಉತ್ತರ ಕೊಡುತ್ತಿಲ್ಲ.

ಪಕ್ಕದವಳು ನನ್ನ ಫೋನ್ ತೆಗೆದುಕೊಂಡು ಓದಿದಳು. ಅವಳ ಮುಖ ಕೆಂಪಾದದ್ದನ್ನು ಅವತ್ತೇ ಮೊದಲು ನೋಡಿದ್ದು. ಆ ಹೆಂಗಸರು ಮೂರು ದಿನದಿಂದ ಆ ಒಂದು ಶಬ್ದವನ್ನು ಬಾಯಿಂದ ಬರಗೊಡದೆ ಕಾದುಕೊಂಡಿದ್ದಾರೆ, ನೀನು ಸೀದಾ ಒಳಗೆ ಹೋಗಿ ನಡುಮನೆಯಲ್ಲಿ ಅದನ್ನು ಇಟ್ಟೆ ಎಂದಳು. ನನಗೆ ಸಿಟ್ಟು ಬಂತು. ನನಗೆ ಬೇಕಾದದ್ದು ತಮ್ಮನ ಸುದ್ದಿ, ಇವರ ಹಂದಿಮರಿಯ ಲೆಕ್ಕವಲ್ಲ ಎಂದು ಕೂಗಿದೆ. ಆಫೀಸೆಲ್ಲ ತಿರುಗಿ ನೋಡಿತು. ಅವಳು ತಿರುಗಿ ಕೂಗಲಿಲ್ಲ. ನಾನು ಅತ್ತು ಮುಗಿಸುವವರೆಗೆ ಕಾದು, ಈಗ ನಾನು ಹೇಳಿದ ಹಾಗೆ ಬರಿ ಎಂದಳು.

ಬರೆದೆ. ಎಲ್ಲರೂ ಹೇಗಿದ್ದೀರಿ? ಮಕ್ಕಳು ಶಾಲೆಗೆ ಹೋಗುತ್ತಿದ್ದಾರಾ? ನೀವು ಊಟ ಮಾಡುತ್ತಿದ್ದೀರಾ? ನಾನು ಅವನಿಗೆ ಅಕ್ಕ, ಅಮ್ಮನೂ ನಾನೇ. ನಾನೂ ನಿಮ್ಮ ಜೊತೆ ಕಾಯುತ್ತಿದ್ದೇನೆ, ನನ್ನ ಒರಟು ಮಾತನ್ನು ಮನ್ನಿಸಿ. ಇದನ್ನು ಅವಳು ಅವರ ಭಾಷೆಗೆ ತಿರುಗಿಸಿ ಕಳಿಸಿದಳು. ಒಂದು ನಿಮಿಷದೊಳಗೆ ಫೋನು ಜೀವ ಬಂದಂತೆ ಅಲುಗಾಡತೊಡಗಿತು. ನಮ್ಮ ಮನೆಯವರು ನಿನ್ನ ತಮ್ಮನ ವಿಷಯ ಹೇಳುತ್ತಿರುತ್ತಾರೆ, ರಜೆಯ ದಿನ ಎಲ್ಲರಿಗೂ ಚಪಾತಿ ಮಾಡುತ್ತಾನಂತೆ, ಅದು ದೋಸೆಯ ಹಾಗೆ ತೂತುತೂತಾಗಿರುತ್ತದಂತೆ. ಎಣ್ಣೆಯವನ ಹೆಂಡತಿ ಒಂದು ಫೋಟೋ ಕಳಿಸಿದಳು. ತಮ್ಮ ಹಡಗಿನ ಅಡುಗೆಮನೆಯಲ್ಲಿ ನಿಂತಿದ್ದಾನೆ, ಮೊಣಕೈವರೆಗೆ ಹಿಟ್ಟು, ಹಲ್ಲು ಬಿಟ್ಟುಕೊಂಡಿದ್ದಾನೆ. ನಾನು ಟಾಯ್ಲೆಟ್ಟಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಆಮೇಲಿನ ದಿನಗಳಲ್ಲಿ ಅವರ ಪ್ರಶ್ನೆಯೂ ಉತ್ತರವೂ ನನ್ನ ನಾಲಿಗೆಗೆ ಬಂತು. "ಮೈ ಬಲಿತಾ ನಾ?" ಎಂದರೆ ಸುದ್ದಿ ಬಂತಾ. "ವಲಾ ಪಾ" ಎಂದರೆ ಇನ್ನೂ ಇಲ್ಲ. ಬೆಳಿಗ್ಗೆ ವ್ಯಾನಿನಲ್ಲಿ ಕೂತು ಕೇಳುತ್ತಿದ್ದೆ, ಮಧ್ಯಾಹ್ನ ಕೇಳುತ್ತಿದ್ದೆ, ಸಂಜೆ ಕೇಳುತ್ತಿದ್ದೆ. ಇಲ್ಲ ಎಂದು ಯಾರೂ ಹೇಳುತ್ತಿರಲಿಲ್ಲ, ಇನ್ನೂ ಇಲ್ಲ ಎನ್ನುತ್ತಿದ್ದರು. ಆ ಇನ್ನೂ ಎನ್ನುವುದನ್ನೇ ಹಿಡಿದುಕೊಂಡು ಸಂಜೆ ನಾದಿನಿಗೆ ಫೋನ್ ಮಾಡುತ್ತಿದ್ದೆ. ಎಂತ ಪದಾರ್ಥ ಎಂದು ಕೇಳುವ ಧೈರ್ಯ ಆಗುತ್ತಿರಲಿಲ್ಲ, ಆದರೂ ಕೇಳುತ್ತಿದ್ದೆ. ಮಗುವಿಗೆ ಮೊಟ್ಟೆ ಮಾಡಿದೆ ಎನ್ನುತ್ತಿದ್ದಳು. ತನಗೆ ಏನು ಎಂದು ಹೇಳುತ್ತಿರಲಿಲ್ಲ.

ಐದನೆಯ ದಿನ ಒಂದು ಮೀನಿನ ದೋಣಿಯವರು ತೇಲುವ ತೆಪ್ಪದಿಂದ ಏಳು ಜನರನ್ನು ಎತ್ತಿಕೊಂಡರು. ಗುಂಪಿನಲ್ಲಿ ಬೊಬ್ಬೆಯೋ ಬೊಬ್ಬೆ. ಒಬ್ಬೊಬ್ಬಳಾಗಿ ದೊಡ್ಡಕ್ಷರದಲ್ಲಿ ಗಂಡನ ಹೆಸರು ಬರೆಯುತ್ತಿದ್ದಳು, ಕೆಳಗೆ ಇಪ್ಪತ್ತು ಅಳುವ ಮುಖಗಳು. ಎಣ್ಣೆಯವನ ಹೆಸರೂ ಬಂತು. ಸಂಜೆಯ ಹೊತ್ತಿಗೆ ಆರು ಹೆಸರಾಯಿತು, ಆರೂ ಫಿಲಿಪಿನೋಗಳೇ. ಏಳನೆಯವನು ಭಾರತದವನು, ಮಾತಾಡುವ ಸ್ಥಿತಿಯಲ್ಲಿಲ್ಲ ಎಂದು ಬಂತು.

ಇಬ್ಬರಲ್ಲಿ ಒಬ್ಬ. ಆ ರಾತ್ರಿ ನಾನು ದೇವರ ಮುಂದೆ ಕೂತು ಏನು ಬೇಡಿಕೊಂಡೆ ಎಂದು ಮುಚ್ಚಿಡುವುದಿಲ್ಲ. ಅದು ಆ ಆಫೀಸರ್ ಆಗಿರದಿರಲಿ ಎಂದು ಬೇಡಿಕೊಂಡೆ. ಅವನಿಗೂ ಎಲ್ಲೋ ಒಬ್ಬಳು ಅಕ್ಕ ಇದ್ದಾಳು, ಅವಳೂ ಅದೇ ಹೊತ್ತಿಗೆ ನನ್ನ ತಮ್ಮನ ವಿಷಯ ಹಾಗೆಯೇ ಬೇಡುತ್ತಿದ್ದಾಳು ಎಂದು ಗೊತ್ತಿತ್ತು. ಗೊತ್ತಿದ್ದೂ ಬೇಡಿದೆ. ನಾದಿನಿಗೆ, ಒಬ್ಬ ಭಾರತದವನು ಸಿಕ್ಕಿದ್ದಾನೆ ಎಂದಷ್ಟೇ ಹೇಳಿದೆ. "ಇವರೇ ಅತ್ತಿಗೆ. ಇವರಿಗೆ ಈಜಲು ಬರ್ತದೆ" ಎಂದಳು.

ಮರುದಿನ ಮಧ್ಯಾಹ್ನ ಹನ್ನೆರಡೂವರೆಗೆ ಪಕ್ಕದವಳ ಫೋನ್ ರಿಂಗಾಯಿತು. ಅವಳು ಎದ್ದು ಕಾರಿಡಾರಿಗೆ ಹೋದಳು. ಗಾಜಿನ ಬಾಗಿಲಿನಾಚೆ ಅವಳ ಬೆನ್ನು ಕಾಣುತ್ತಿತ್ತು. ನಾನು ಅವಳ ಬೊಬ್ಬೆಗಾಗಿ ಕಾದೆ. ಬಾಗಿಲು ತೆರೆದ ಕೂಡಲೇ ಕೂಗುತ್ತಾಳೆ, ನಾನೂ ಎದ್ದು ಓಡಬೇಕು ಎಂದು ಚಪ್ಪಲಿಯನ್ನೂ ಸರಿಯಾಗಿ ಹಾಕಿಕೊಂಡೆ. ಬಾಗಿಲು ತೆರೆಯಿತು. ಅವಳು ಮೆಲ್ಲಗೆ ಬಂದಳು, ಚೀಲದಿಂದ ತನ್ನ ಊಟದ ಡಬ್ಬಿ ತೆಗೆದಳು, ಕುರ್ಚಿ ಎಳೆದುಕೊಂಡು ನನ್ನ ಮೇಜಿನ ಹತ್ತಿರ ಕೂತಳು.

"ಆತೆ, ಕುಮಾಇನ್ ಕಾ ನಾ?"

ನಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಇವತ್ತು ನನಗೆ ಉಪವಾಸ ಎಂದೆ. ಸುಳ್ಳು. ಅವಳಿಗೂ ಗೊತ್ತಿತ್ತು ಸುಳ್ಳೆಂದು. ಡಬ್ಬಿ ತೆರೆದು ನನ್ನ ಕಡೆ ಸರಿಸಿದಳು, ನಾನು ಅದನ್ನು ಅವಳ ಕಡೆ ಸರಿಸಿದೆ. ನಾನು ಊಟ ಮಾಡದಿದ್ದರೆ ಅವಳು ಹೇಳುವುದಿಲ್ಲ. ಅವಳು ಹೇಳದಿದ್ದರೆ ಏನೂ ಆಗಿಲ್ಲ. ನನ್ನ ತಲೆ ಆಗ ಅಷ್ಟೇ ಓಡುತ್ತಿತ್ತು. ಒಂದು ಗಂಟೆಯಾಯಿತು, ಎರಡಾಯಿತು. ಮೂರು ಕಂಟೇನರಿನ ಕಾಗದ ಮುಗಿಸಿದೆ, ಒಂದರಲ್ಲೂ ತಪ್ಪಿಲ್ಲ. ಗಿರಾಕಿಯೊಬ್ಬ ತನ್ನ ಮಾಲಿನ ವಿಷಯ ಕೇಳಿದ, ವಿವರ ಬಂದ ಕೂಡಲೇ ತಿಳಿಸುತ್ತೇನೆ ಎಂದೆ. ಅವಳು ಕೂತಲ್ಲಿಂದ ಏಳಲಿಲ್ಲ, ತಾನೂ ತಿನ್ನಲಿಲ್ಲ. ಡಬ್ಬಿಯಲ್ಲಿ ಅನ್ನ ಆರಿ ಗಟ್ಟಿಯಾಯಿತು.

ನಾಲ್ಕು ಗಂಟೆಗೆ ಅವಳು ಚಮಚ ಪಕ್ಕಕ್ಕಿಟ್ಟು, ನಾನು ಮಾಡುವ ಹಾಗೆ ಕೈಯಲ್ಲೇ ಅನ್ನ ಕಲಸಿ ಒಂದು ತುತ್ತು ಮಾಡಿ ನನ್ನ ಬಾಯಿಯ ಹತ್ತಿರ ಹಿಡಿದಳು. ತಮ್ಮನಿಗೆ ಏಳು ವರ್ಷವಿದ್ದಾಗ ನಾನು ಹೀಗೆ ಹಿಡಿಯುತ್ತಿದ್ದೆ. ಅವನು ಹಟ ಮಾಡಿ ಬಾಯಿ ಬಿಗಿಹಿಡಿಯುತ್ತಿದ್ದ. ನಾನು ಬಾಯಿ ತೆರೆದೆ. ಒಂದಲ್ಲ, ನಾಲ್ಕು ತುತ್ತು ತಿನ್ನಿಸಿ ನೀರು ಕುಡಿಸಿದಳು.

ಆಮೇಲೆ ಹೇಳಿದಳು. ಸಿಕ್ಕಿದವನು ಆ ಆಫೀಸರ್. ಎಣ್ಣೆಯವನು ಆಸ್ಪತ್ರೆಯಿಂದ ಹೆಂಡತಿಗೆ ಹೇಳಿದ್ದಾನೆ. ನೀರು ನುಗ್ಗುವಾಗ ಅವನ ಪಾಳಿ ಮುಗಿದಿತ್ತು, ನನ್ನ ತಮ್ಮ ಕೆಳಗೆ ಎಂಜಿನ್ ರೂಮಿನಲ್ಲಿದ್ದ. ಕೆಳಗಿದ್ದ ನಾಲ್ವರಲ್ಲಿ ಒಬ್ಬರೂ ಮೇಲೆ ಬರಲಿಲ್ಲ. ಹಡಗು ಹೋದದ್ದನ್ನು ಎಣ್ಣೆಯವನು ಕಣ್ಣಾರೆ ನೋಡಿದ್ದಾನೆ. ಇದನ್ನು ಗುಂಪಿನಲ್ಲಿ ಹಾಕಲಿಲ್ಲ, ನಾಲ್ಕು ಮನೆಗೂ ಬೇರೆಬೇರೆಯಾಗಿ ಜನ ಹೋಗುತ್ತಿದ್ದಾರೆ ಎಂದಳು. ನಾನು ಅಳಲಿಲ್ಲ. ನಮ್ಮ ಮನೆಗೆ ಯಾರು ಹೋಗುವುದು ಎಂದಷ್ಟೇ ಕೇಳಿದೆ.

ಯಾರೂ ಇಲ್ಲ, ನಾನೇ. ಕಂಪನಿಯವರು ನಾಳೆಯೋ ನಾಡಿದ್ದೋ ಕರೆ ಮಾಡಿ ಅವರ ಆ ವಾಕ್ಯಗಳನ್ನು ಓದುತ್ತಾರೆ. ನಾದಿನಿ ಅದನ್ನು ಅವರ ಬಾಯಿಂದ ಕೇಳಬಾರದು. ಮನೆಗೆ ಬಂದು ಮುಖ ತೊಳೆದು, ವಿಡಿಯೋ ಇಲ್ಲದೆ ಕರೆ ಮಾಡಿದೆ. ಇಲ್ಲಿ ಐದೂವರೆ, ಅಲ್ಲಿ ಎಂಟು. ಹೇಗೆ ಹೇಳಬೇಕೆಂದು ವ್ಯಾನಿನಲ್ಲಿ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಮೊದಲು ಮಗುವಿನ ವಿಷಯ ಕೇಳಿದೆ. ಚಿತ್ರಕ್ಕೆ ಬಣ್ಣ ಹಾಕ್ತಾ ಉಂಟು ಎಂದಳು. ಕುಕ್ಕರ್ ಕೂಗಿದ್ದು ಕೇಳಿಸಿತು. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು.

"ಊಟ ಆಯ್ತಾ?" ಎಂದೆ.

ಆ ಮಾತನ್ನು ಅವಳಿಗೆ ನಾನು ಎರಡು ವರ್ಷದಿಂದ ಕೇಳಿರಲಿಲ್ಲ. ಕುಕ್ಕರ್ ಮತ್ತೊಮ್ಮೆ ಕೂಗಿತು. ಅವಳು ಗ್ಯಾಸ್ ಆರಿಸಿದ ಸದ್ದು ಕೇಳಿತು. ಮಗು ಏನೋ ಕೇಳಿತು, ಒಳಗೆ ಹೋಗು ಎಂದಳು.

"ಇನ್ನೂ ಇಲ್ಲ," ಎಂದಳು.

"ಮೊದಲು ಊಟ ಮಾಡು. ನಾನು ಫೋನ್ ಇಡುದಿಲ್ಲ, ಇಲ್ಲೇ ಇರ್ತೇನೆ."

ಒಂದೇ ಒಂದು ತಟ್ಟೆ ತೆಗೆದಿಟ್ಟ ಸದ್ದು ಕೇಳಿತು.

"ನಾನು ಊಟ ಮಾಡುದಿಲ್ಲ ಅತ್ತಿಗೆ," ಎಂದಳು. "ನಾಳೆಯೂ ಮಾಡುದಿಲ್ಲ."